ರೇಸ್ ಕುದುರೆಗಳ ಆಶ್ರಯಧಾಮ: ಓಪನ್ ಡೇ ಜಾತ್ರೆಯಾಗದಿರಲಿ

ಮಾನ್ಯ ಸಂಪಾದಕರೇ,

ನಿವೃತ್ತ ರೇಸ್ ಕುದುರೆಗಳನ್ನು ಸಾಕುವ ಆಶ್ರಯಧಾಮ ಹಣ ಕೂಡಿಸಲೆಂದು ಜನರನ್ನು ಒಳಗೆ ಕರೆದು ಕುದುರೆ ತೋರಿಸುವ ಓಪನ್ ಡೇ ಇಟ್ಟುಕೊಂಡರೆ, ಅದು ಚೆನ್ನಾಗಿ ನಡೆಯಿತೋ ಇಲ್ಲವೋ ಎನ್ನುವುದು ಸಂಜೆ ಹುಂಡಿ ಎಣಿಸಿದಾಗ ತಿಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಲಾಯಕ್ಕೆ ಹೋಗಿ ಯಾವ ಕುದುರೆ ಎಷ್ಟು ಲದ್ದಿ ಹಾಕಿದೆ ನೋಡಿದಾಗ ತಿಳಿಯುತ್ತದೆ. ಆರೋಗ್ಯವಂತ ಕುದುರೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುತ್ತದೆ. ಜನ ಬಂದು ಹೋದ ರಾತ್ರಿ ಅದು ಎರಡಕ್ಕೋ ಮೂರಕ್ಕೋ ಇಳಿದಿದ್ದರೆ ಹೊಟ್ಟೆ ಕೆಟ್ಟಿರುವ ಸೂಚನೆ, ಬಂದ ದೇಣಿಗೆಯಲ್ಲಿ ಒಂದು ಪಾಲು ಆಗಲೇ ಪಶುವೈದ್ಯರ ಬಿಲ್ಲಿಗೆ ಹೋಯಿತು ಎಂದೇ ಲೆಕ್ಕ.

ಚಳಿ ಶುರುವಾದರೆ ಬೆಂಗಳೂರು, ಮೈಸೂರು ಸುತ್ತಮುತ್ತ ಇಂಥ ದಿನಗಳಿಗೆ ಹದವಾದ ಹವೆ. ಯೋಜಿಸುವವರಿಗೂ ಹೋಗುವವರಿಗೂ ಉಪಯೋಗವಾಗಲೆಂದು ಈ ಪತ್ರ.

ಮೊದಲು ದುಡ್ಡಿನ ಮಾತು. ರೇಸಿನಲ್ಲಿ ಓಡುವ ಥರೋಬ್ರೆಡ್ ತಳಿಯ ಕುದುರೆ ಎರಡನೇ ವಯಸ್ಸಿಗೆ ಓಡಲು ಶುರುಮಾಡುತ್ತದೆ, ಆರೇಳು ವರ್ಷಕ್ಕೆಲ್ಲ ಹೆಚ್ಚಿನವುಗಳ ಓಟ ಮುಗಿದಿರುತ್ತದೆ. ಆದರೆ ಆಯಸ್ಸು ಇಪ್ಪತ್ತೈದು ವರ್ಷದ ಆಸುಪಾಸು. ಅಂದರೆ ಒಂದು ಕುದುರೆಗೆ ಹದಿನೆಂಟು ಇಪ್ಪತ್ತು ವರ್ಷ ಯಾರಾದರೂ ಹುಲ್ಲು ಹಾಕಲೇಬೇಕು. ಸುಮಾರು 480 ಕಿಲೋ ತೂಗುವ ಕುದುರೆಗೆ ದಿನಕ್ಕೆ ಎಂಟೂವರೆ ಕಿಲೋ ಒಣಹುಲ್ಲು ಬೇಕು. ಇಪ್ಪತ್ತು ಕುದುರೆಗಳಿರುವ ಕಡೆ ದಿನಕ್ಕೆ 170 ಕಿಲೋ, ತಿಂಗಳಿಗೆ ಐದು ಟನ್ ದಾಟುತ್ತದೆ. ಹುಲ್ಲು ಕಿಲೋಗೆ 15 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 76,500 ರೂಪಾಯಿ. ಹುರುಳಿ, ಬೂಸಾ, ಕುದುರೆ ಮಸಾಲೆ (ಲೂಸರ್ನ್) ಎಂಬ ಮೇವಿನ ಸೊಪ್ಪು, ಆರು ವಾರಕ್ಕೊಮ್ಮೆ ಗೊರಸು ಕತ್ತರಿಸುವ ಕೂಲಿ, ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚನ್ನು ಅರದಿಂದ ಉಜ್ಜಿಸುವ ಖರ್ಚು, ಕುದುರೆ ನೋಡಿಕೊಳ್ಳುವ ಆಳುಗಳಾದ ಸೈಸ್‌ಗಳ ಸಂಬಳ ಎಲ್ಲ ಇದರ ಮೇಲೆ.

ಈಗ ಓಪನ್ ಡೇಗೆ 300 ಜನ ಬಂದು ತಲೆಗೆ ನೂರು ರೂಪಾಯಿ ಹಾಕಿದರು ಅನ್ನಿ. ಮೂವತ್ತು ಸಾವಿರ. ಇದು ಹನ್ನೆರಡು ದಿನದ ಹುಲ್ಲಿಗೂ ಸಾಲದು. ಅದರಲ್ಲೂ ಶಾಮಿಯಾನ, ಕುರ್ಚಿ, ತಾತ್ಕಾಲಿಕ ಶೌಚಾಲಯ, ಮೈಕು ಎಂದು ಕಳೆಯುತ್ತ ಹೋದರೆ ಉಳಿಯುವುದು ನಾಲ್ಕೈದು ದಿನದ ಮೇವು. ಅದೇ ಬಂದವರಲ್ಲಿ ಅರವತ್ತು ಜನ ತಿಂಗಳಿಗೆ 500 ರೂಪಾಯಿ ಖಾತೆಯಿಂದ ತಾನಾಗಿಯೇ ಬರುವ ಯುಪಿಐ ಆಟೋಪೇ ಒಪ್ಪಿಗೆ ಕೊಟ್ಟು ಹೋದರೆ ಪ್ರತಿ ತಿಂಗಳೂ ಮೂವತ್ತು ಸಾವಿರ ಬರುತ್ತದೆ. ಓಪನ್ ಡೇ ಮಾಡಬೇಕಾದದ್ದು ಈ ಅರವತ್ತು ಜನರಿಗಾಗಿ. ಉಳಿದ ಏರ್ಪಾಡೆಲ್ಲ ಇದಕ್ಕೆ ಹೊಂದಿಕೊಳ್ಳಬೇಕು.

ಹಾಗಾಗಿ ನೋಂದಣಿ ಮೇಜನ್ನು ಗೇಟಿನಲ್ಲಿ ಹಾಕಬೇಡಿ. ಗೇಟಿನಲ್ಲಿ ಕೇಳಿದರೆ ಜನ ಇಪ್ಪತ್ತೋ ಐವತ್ತೋ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕುದುರೆ ನೋಡಿ, ಅದರ ಕಥೆ ಕೇಳಿ ಹೊರಬರುವ ದಾರಿಯಲ್ಲಿ, ತಿಂಡಿಯ ಮಳಿಗೆಗಿಂತ ಮುಂಚೆ ಮೇಜು ಇರಲಿ. ಬಿಸಿಬೇಳೆಬಾತ್ ಕೈಗೆ ಬಂದ ಮೇಲೆ ಯಾರೂ ಫೋನ್ ತೆಗೆಯುವುದಿಲ್ಲ. ಊರಾಚೆಯ ಜಾಗಗಳಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಹೆಸರು, ಫೋನ್, ಪ್ಯಾನ್ ಬರೆದುಕೊಳ್ಳುವ ಕಾಗದದ ನಮೂನೆಯೂ ಇರಬೇಕು. ಕ್ಯೂಆರ್ ಕೋಡಿನ ಕೆಳಗೆ ಖಾತೆದಾರ ಟ್ರಸ್ಟಿನ ಹೆಸರು ದಪ್ಪಕ್ಷರದಲ್ಲಿರಲಿ. ಒಬ್ಬರು ಗಂಟೆಗೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಿರಲಿ, ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಹೋಗುವ ಕಿಡಿಗೇಡಿಗಳಿದ್ದಾರೆ. ಆಟೋಪೇ ಒಪ್ಪಿಗೆ ಸದ್ದಿಲ್ಲದೆ ಸಾಯುತ್ತದೆ. ಖಾತೆಯಲ್ಲಿ ಹಣವಿರುವುದಿಲ್ಲ, ಇಲ್ಲವೇ ಇದೇನೋ ಮರೆತುಹೋದ ಚಂದಾ ಎಂದು ದಾನಿಯೇ ರದ್ದು ಮಾಡಿರುತ್ತಾರೆ. ಒಂದು ವಾರದೊಳಗೆ ಒಂದು ಫೋನ್ ಕರೆ, ಮೂರು ತಿಂಗಳಿಗೊಮ್ಮೆ ಆ ಕುದುರೆಯ ಫೋಟೊ ಮತ್ತು ತೂಕ ಕಳಿಸಿದರೆ ಹೆಚ್ಚಿನವು ಉಳಿದುಕೊಳ್ಳುತ್ತವೆ. ‘ದತ್ತು’ ಎಂಬ ಪದ ಮಾತ್ರ ಬಳಸಬೇಡಿ. ಕುದುರೆ ತಮ್ಮದಾಯಿತೆಂದು ತಿಳಿದು ‘ಯಾವಾಗ ಹತ್ತಬಹುದು?’ ಎಂದು ಕೇಳುವವರು ಬರುತ್ತಾರೆ. ‘ಮೇವಿನ ಪ್ರಾಯೋಜಕರು’ ಅಂದರೆ ಸಾಕು.

ಪ್ರವೇಶಕ್ಕೆ ಟಿಕೆಟ್ ಇಡಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಇಡಬೇಡಿ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 21ನೇ ಕಲಂ, ಟಿಕೆಟ್ ಮಾರಿ ಜನರನ್ನು ಬಿಟ್ಟುಕೊಳ್ಳುವ ಮನರಂಜನೆಯಲ್ಲಿ ಪ್ರಾಣಿಯನ್ನು ತೋರಿಸುವುದಕ್ಕೆ ‘ಪ್ರದರ್ಶನ’ ಎನ್ನುತ್ತದೆ. 22ನೇ ಕಲಂ ಪ್ರಕಾರ ಅದಕ್ಕೆ ನೋಂದಣಿ ಬೇಕು. ಪ್ರವೇಶ ಉಚಿತವಿರಲಿ, ಮುಂಚಿತವಾಗಿ ಹೆಸರು ನೋಂದಾಯಿಸಿಕೊಳ್ಳಿ, ದೇಣಿಗೆ ಅವರವರ ಇಷ್ಟ. ಲಕ್ಕಿ ಡಿಪ್ಪೂ ಬೇಡ. ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧವಿದೆ, ದುಡ್ಡು ಪಡೆದು ಚೀಟಿ ಎತ್ತಿಸುವುದು ಅದರ ಹತ್ತಿರಕ್ಕೇ ಹೋಗುತ್ತದೆ. ಜೂಜಿನ ಕಣದಿಂದ ಬಿಡುಗಡೆಯಾಗಿ ಬಂದ ಪ್ರಾಣಿಯ ಮುಂದೆ ಮತ್ತೆ ಅದೃಷ್ಟದಾಟ ಆಡಿಸುವುದು ನೋಡುವುದಕ್ಕೂ ಚೆನ್ನಾಗಿರುವುದಿಲ್ಲ.

ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ, 80ಜಿ ಎಂದೇ ಪರಿಚಿತವಾದ ಮಾನ್ಯತೆ ಇರುವ ಟ್ರಸ್ಟುಗಳು ನೆನಪಿಡಬೇಕಾದ್ದು: 2,000 ರೂಪಾಯಿ ಮೀರಿದ ನಗದಿಗೆ ದಾನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ; ಹುಲ್ಲಿನ ಮೂಟೆ, ಕಂಬಳಿ ಮುಂತಾದ ವಸ್ತುರೂಪದ ದಾನಕ್ಕೂ ಇಲ್ಲ. ಇದನ್ನು ಮೇಜಿನ ಮೇಲೇ ಬರೆದಿಟ್ಟರೆ ಮಾರ್ಚ್‌ನಲ್ಲಿ ಜಗಳ ತಪ್ಪುತ್ತದೆ. ಹೆಸರಿಲ್ಲದ ಹುಂಡಿ ಹಣ ಮಿತಿ ಮೀರಿದರೆ ಟ್ರಸ್ಟೇ ಶೇ 30 ತೆರಿಗೆ ಕಟ್ಟಬೇಕಾಗುತ್ತದೆ, ಆದ್ದರಿಂದ ಚಿಕ್ಕ ಮೊತ್ತಕ್ಕೂ ಹೆಸರು ವಿಳಾಸ ಬರೆದು ರಸೀದಿ ಹರಿಯಿರಿ. ಡಿಸೆಂಬರ್‌ನಲ್ಲಿ ವಿದೇಶದಿಂದ ಊರಿಗೆ ಬರುವ ಕನ್ನಡಿಗರೂ ಇಂಥಲ್ಲಿಗೆ ಮಕ್ಕಳನ್ನು ಕರೆತರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯು ಬ್ಯಾಂಕಿನ ಮೂಲಕ ತನ್ನ ಉಳಿತಾಯದಿಂದ ಕೊಟ್ಟರೆ ತೊಂದರೆಯಿಲ್ಲ. ಅಮೆರಿಕದ ಪೌರತ್ವ ಪಡೆದು ಓಸಿಐ ಕಾರ್ಡ್ ಹಿಡಿದವರು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವ ಹಾಗಿಲ್ಲ. ಎದುರಿಗಿರುವವರು ಎಷ್ಟೇ ಆತ್ಮೀಯರಾದರೂ ಕೇಳಿಯೇ ಬಿಡಬೇಕು.

ಇನ್ನು ಕುದುರೆಗಳ ವಿಷಯ. ಇಪ್ಪತ್ತಿದ್ದರೆ ಆರೇಳನ್ನು ಮಾತ್ರ ತೋರಿಸಿ. ಜನ, ಸದ್ದು, ಮಕ್ಕಳು ಇವಕ್ಕೆ ಬೆದರದ, ವಯಸ್ಸಾದ, ಗುಣ ಗೊತ್ತಿರುವಂಥವು. ಉಳಿದವನ್ನು ಹಿಂದಿನ ಬಯಲಿಗೆ ಬಿಡಬೇಕು. ಹೊಸದಾಗಿ ಬಂದು 21 ದಿನ ತುಂಬದ ಕುದುರೆಯ ಹತ್ತಿರ ಯಾರೂ ಸುಳಿಯಬಾರದು. ಅದರಿಂದ ಬೇರೆ ಕುದುರೆಗಳಿಗೆ ಸೋಂಕು ದಾಟುವ ಭಯ ಒಂದು, ಗ್ಲಾಂಡರ್ಸ್ ಮನುಷ್ಯರಿಗೂ ಅಂಟುವ ರೋಗವಾದ್ದರಿಂದ ಅದು ಇನ್ನೊಂದು. ಸುತ್ತಮುತ್ತ ಗ್ಲಾಂಡರ್ಸ್ ಅಧಿಸೂಚನೆ ಹೊರಬಿದ್ದಿದ್ದರೆ ಕಾರ್ಯಕ್ರಮವನ್ನೇ ಮುಂದೂಡಿ. ಒಳಗೆ ಬರುವಾಗ ಬೂಟು ಅದ್ದುವ ತೊಟ್ಟಿ ಇಡುವುದು ಒಳ್ಳೆಯದು. ಆದರೆ ಬಹಳ ಕಡೆ ಅದು ಬರೀ ಶಾಸ್ತ್ರಕ್ಕೆ. ಕೆಸರು ಮೆತ್ತಿದ ಬೂಟನ್ನು ಔಷಧದ ನೀರಿಗೆ ಅದ್ದಿದರೆ ಔಷಧವೇ ಸೋಲುತ್ತದೆ. ಮೊದಲು ಬ್ರಷ್, ಸೋಪಿನ ನೀರು, ಆಮೇಲೆ ಔಷಧ.

ಹೊತ್ತು ಬೆಳಿಗ್ಗೆ ಎಂಟರಿಂದ ಹನ್ನೊಂದು. ಒಂದು ತಂಡಕ್ಕೆ ಅರ್ಧ ಗಂಟೆ, ತಂಡದಲ್ಲಿ ಹನ್ನೆರಡು ಜನ, ಜೊತೆಗೊಬ್ಬ ಮಾರ್ಗದರ್ಶಿ. ಏಕಕಾಲಕ್ಕೆ ಬೇರೆ ಬೇರೆ ಮೂಲೆಯಲ್ಲಿ ನಾಲ್ಕು ತಂಡ ಓಡಾಡಬಹುದು, ಅದಕ್ಕಿಂತ ಹೆಚ್ಚು ಬೇಡ. ಹೀಗೆ ಲೆಕ್ಕ ಹಾಕಿದರೆ ಒಂದು ಬೆಳಿಗ್ಗೆಗೆ 300 ಜನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಹಿಡಿಸಲೂಬಾರದು. ಪ್ರತಿ ಕುದುರೆಯೂ ಮುಕ್ಕಾಲು ಗಂಟೆ ಜನರೆದುರು ನಿಂತ ಮೇಲೆ ಒಳಗೆ ಹೋಗಬೇಕು. ಈ ವೇಳಾಪಟ್ಟಿಯನ್ನು ಕೆಡಿಸುವವರು ಸಾಮಾನ್ಯವಾಗಿ ಮುಖ್ಯ ಅತಿಥಿಗಳು. ಒಂಬತ್ತಕ್ಕೆ ಬರಬೇಕಾದವರು ಹನ್ನೊಂದೂವರೆಗೆ ಬರುತ್ತಾರೆ, ಅಲ್ಲಿಯವರೆಗೆ ಶೃಂಗರಿಸಿದ ಕುದುರೆ ಬಿಸಿಲಲ್ಲಿ ಕಟ್ಟಿಹಾಕಿರುತ್ತದೆ. ಅತಿಥಿ ಬಂದಾಗ ಬರಲಿ, ಕುದುರೆ ಕಾಯಬೇಕಾಗಿಲ್ಲ. ಅವರಿಗೆ ಶಾಲು ಹೊದಿಸುವುದು, ದೀಪ ಬೆಳಗಿಸುವುದು ಎಲ್ಲ ಲಾಯದಿಂದ ದೂರದಲ್ಲಿ. ಬೀಸಿದ ಶಾಲಿಗೆ ಕುದುರೆ ಬೆದರುತ್ತದೆ. ಹುಲ್ಲಿನ ಬಣವೆ ಹೊತ್ತಿಕೊಳ್ಳಲು ಊದುಬತ್ತಿಯ ಕಿಡಿ ಸಾಕು. ಕುದುರೆಗೆ ಹಾರ ಹಾಕಿ, ಕುಂಕುಮವಿಟ್ಟು, ಕರ್ಪೂರದ ಆರತಿ ಎತ್ತುವ ಭಕ್ತಿಯನ್ನು ಆಯುಧಪೂಜೆಗೆ ಇಟ್ಟುಕೊಳ್ಳೋಣ, ಅದೂ ಸೈಸ್‌ನ ಕೈಯಲ್ಲಿ.

ಕುದುರೆಯ ಕಣ್ಣು ಹೆಚ್ಚೂಕಡಿಮೆ ಸುತ್ತಲೂ ಕಾಣುತ್ತದೆ, ಆದರೆ ನೇರ ಹಿಂದೆ ಮತ್ತು ಮೂಗಿನ ತೀರ ಎದುರಿನ ಜಾಗ ಕಾಣುವುದಿಲ್ಲ. ಜನ ಹೋಗಿ ನಿಲ್ಲುವುದು ಸರಿಯಾಗಿ ಆ ಎರಡು ಜಾಗಗಳಲ್ಲೇ: ಹಿಂದೆ ನಡೆದು ಹೋಗುತ್ತಾರೆ, ಎದುರಿಗೆ ಬಂದು ಮೂಗಿನ ಮೇಲೆ ಕೈಯಿಡುತ್ತಾರೆ. ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಬೇಕು ಎಂದು ತಂಡ ಹೊರಡುವ ಮೊದಲೇ ಹೇಳಬೇಕು. ಲಾಯದ ಬಾಗಿಲಿನಿಂದಲೂ ಬೇಲಿಯಿಂದಲೂ ಎರಡು ಮೀಟರ್ ಬಿಟ್ಟು ಬಿದಿರಿನ ಗಳ ಕಟ್ಟಿ. ಬರೀ ಹಗ್ಗವಾದರೆ ಮಕ್ಕಳು ಅದರ ಮೇಲೆ ಜೋತು ಬೀಳುತ್ತಾರೆ. ಬಲೂನು, ಡ್ರೋನ್, ಫ್ಲ್ಯಾಶ್, ನಾಯಿ ನಿಷೇಧ ಎಂದು ಎಲ್ಲರೂ ಬರೆಯುತ್ತಾರೆ. ಬರೆಯದೇ ಬಿಡುವುದು ಛತ್ರಿಯನ್ನು. ಬಟನ್ ಒತ್ತಿದೊಡನೆ ಫಟ್ಟೆಂದು ಬಿಚ್ಚಿಕೊಳ್ಳುವ ಛತ್ರಿಗೆ ಹಾರಿಬಿದ್ದಷ್ಟು ಥರೋಬ್ರೆಡ್ ಇನ್ಯಾವುದಕ್ಕೂ ಹಾರುವುದಿಲ್ಲ.

ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸಿ ನೂರು ರೂಪಾಯಿ ಪಡೆಯುವುದಂತೂ ಬೇಡವೇ ಬೇಡ. ಇದು ಬರೀ ಕರುಣೆಯ ಮಾತಲ್ಲ. ರೇಸಿಗೆ ಪಳಗಿದ ಕುದುರೆಗೆ ಲಗಾಮು ಬಿಗಿಯುವುದೆಂದರೆ ನಿಲ್ಲು ಎಂದಲ್ಲ. ಬಿಗಿದಷ್ಟೂ ಅದು ಬಾಯಿಗೆ ಆಸರೆ ಹಿಡಿದು ಮುಂದಕ್ಕೆ ನುಗ್ಗುತ್ತದೆ. ಹೆದರಿದ ಮಗು ಮಾಡುವುದೂ ಅದನ್ನೇ: ಲಗಾಮು ಎಳೆಯುತ್ತದೆ, ಕಾಲಿನಿಂದ ಹೊಟ್ಟೆ ಅವುಚುತ್ತದೆ. ಜೊತೆಗೆ ಇಂಥ ಕುದುರೆಗಳಲ್ಲಿ ಬಹಳಷ್ಟು ಮುಂಗಾಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿ) ಹರಿದು ಬಂದಂಥವು. ವಾಸಿಯಾದ ರಜ್ಜು ಮೊದಲಿನ ಹಾಗೆ ಹಿಗ್ಗುವುದಿಲ್ಲ, ಮತ್ತೆ ಅಲ್ಲೇ ಹರಿಯುತ್ತದೆ.

ಸವಾರಿ ಇಲ್ಲದಿದ್ದರೆ ಜನಕ್ಕೇನು ತೋರಿಸುವುದು ಎಂದು ಕೇಳುವವರಿಗೆ ಗೊರಸು ಕತ್ತರಿಸುವುದನ್ನು ತೋರಿಸಿ ಎನ್ನುತ್ತೇವೆ. ಅದರ ಸುತ್ತ ಸೇರುವಷ್ಟು ಜನ ಭಾಷಣದ ಮುಂದೆ ಸೇರುವುದಿಲ್ಲ. ಶಾಲಾ ಮಕ್ಕಳ ಕೈಗೆ ಅಳತೆ ಪಟ್ಟಿ ಕೊಟ್ಟು ಕುದುರೆಯ ತೂಕ ಲೆಕ್ಕ ಹಾಕಿಸಬಹುದು. ಪಟ್ಟಿ ಹಿಡಿಯುವವನು ಸೈಸ್, ಬರೆದುಕೊಳ್ಳುವವರು ಮಕ್ಕಳು. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದಿಂದ ಪೃಷ್ಠದ ಮೂಳೆವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಬರುತ್ತದೆ. ಅಳತೆಯೆಲ್ಲ ಸೆಂಟಿಮೀಟರಿನಲ್ಲಿ. ಸುತ್ತಳತೆ 185, ಉದ್ದ 165 ಇದ್ದರೆ ಸುಮಾರು 475 ಕಿಲೋ.

ಕ್ಯಾರೆಟ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಡವಟ್ಟು ಹೆಚ್ಚಾಗುವುದು ಅಲ್ಲೇ. 300 ಜನ ತಲೆಗೊಂದು ಕ್ಯಾರೆಟ್ ತಂದರೆ ಮೂವತ್ತು ಕಿಲೋ. ತೋರಿಸುವುದು ಏಳು ಕುದುರೆ, ಅಂದರೆ ಮೂರು ಗಂಟೆಯಲ್ಲಿ ಒಂದೊಂದರ ಹೊಟ್ಟೆಗೆ ನಾಲ್ಕು ಕಿಲೋಗೂ ಹೆಚ್ಚು. ಜೊತೆಗೆ ಬೆಲ್ಲ, ಬ್ರೆಡ್ಡು, ಯಾರೋ ಜೇಬಿನಿಂದ ತೆಗೆದ ಚಿಕ್ಕಿ. ದೇಹದ ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಜಠರ ಚಿಕ್ಕದು, ಮತ್ತು ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಗುಂಡಗೆ ಬಿಲ್ಲೆಯ ಹಾಗೆ ಹೆಚ್ಚಿದ ಕ್ಯಾರೆಟ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಉದ್ದುದ್ದ ಸೀಳಿದರೆ ಆ ಅಪಾಯ ಕಡಿಮೆ. ಕೈಯಿಂದ ತಿನ್ನಿಸಿ ರೂಢಿಯಾದ ಕುದುರೆ ಮುಂದಿನ ವಾರ ಬರಿಗೈಯನ್ನೂ ಕಚ್ಚಿ ನೋಡುತ್ತದೆ. ಗೇಟಿನಲ್ಲೇ ಒಂದು ಬುಟ್ಟಿ ಇಟ್ಟು ತಂದದ್ದನ್ನೆಲ್ಲ ಹಾಕಿಸಿಕೊಳ್ಳಿ. ಮುಂದಿನ ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸೈಸ್ ಹಾಕುತ್ತಾನೆ.

ತಿನ್ನಿಸುವ ಆಸೆಯನ್ನು ಹುಲ್ಲು ತುಂಬಿ ಲಾಯದಲ್ಲಿ ತೂಗುಹಾಕುವ ಬಲೆಯ ಕಡೆ ತಿರುಗಿಸಬಹುದು. ಹೇಗೂ ಆ ದಿನ ಹಾಕಬೇಕಾದ ಹುಲ್ಲನ್ನೇ ಮಕ್ಕಳು ಬಲೆಗೆ ತುಂಬಲಿ, ಸ್ಪ್ರಿಂಗ್ ತಕ್ಕಡಿಗೆ ತಗುಲಿಸಿ ನಾಲ್ಕು ಕಿಲೋ ಬಂತೇ ನೋಡಲಿ, ಆ ಹುಲ್ಲಿನ ಬೆಲೆಯನ್ನು ಮನೆಯವರು ದೇಣಿಗೆ ಕೊಡಲಿ. ಮೊದಲು ಹುಲ್ಲಿಗೆ ನೀರು ಚಿಮುಕಿಸಿ. ದೂಳು ಮಕ್ಕಳಿಗೂ ಕೆಟ್ಟದ್ದು, ಓಡಿ ಓಡಿ ಶ್ವಾಸಕೋಶ ಸೊರಗಿದ ಕುದುರೆಗಳಿಗಂತೂ ಇನ್ನೂ ಕೆಟ್ಟದ್ದು. ಬಲೆ ಕಟ್ಟುವುದು ಮಾತ್ರ ಸೈಸ್‌ನ ಕೆಲಸ. ಖಾಲಿಯಾದಂತೆ ಅದು ಕೆಳಗೆ ಜೋಲುತ್ತದೆ, ತಗ್ಗಿನಲ್ಲಿ ಕಟ್ಟಿದ್ದರೆ ಗೊರಸು ಸಿಕ್ಕಿಕೊಳ್ಳುತ್ತದೆ. ನೋಡಲು ಚೊಕ್ಕಟವಾಗಿರಲಿ ಎಂದು ಲಾಯದಿಂದ ಹುಲ್ಲು ತೆಗೆಸುವವರಿದ್ದಾರೆ. ಕುದುರೆಯ ಜಠರದಲ್ಲಿ ಆಮ್ಲ ಸದಾ ಸುರಿಯುತ್ತಿರುತ್ತದೆ, ರೇಸಿನಿಂದ ಬಂದವುಗಳಲ್ಲಿ ಹೊಟ್ಟೆಹುಣ್ಣು ಮಾಮೂಲು. ಅವಕ್ಕೆ ಉಪವಾಸ ಹಾಕಬೇಡಿ.

ಮಾರಾಟಕ್ಕೆ ಎರಡು ವಸ್ತು ಸಾಕು. ಒಂದು ಗೊಬ್ಬರ. ತಾರಸಿ ತೋಟದವರು ಹುಡುಕಿಕೊಂಡು ಬರುತ್ತಾರೆ. ಆದರೆ ಹಸಿ ಲದ್ದಿಯನ್ನು ಚೀಲಕ್ಕೆ ತುಂಬಿ ಕೊಟ್ಟರೆ ಕುಂಡದ ತುಂಬ ಕಳೆ ಮೊಳೆತು ಗಿರಾಕಿ ಮತ್ತೆ ಬರುವುದಿಲ್ಲ. ನಾಲ್ಕೈದು ಅಡಿ ಎತ್ತರದ ರಾಶಿ ಮಾಡಿ, ಒಳಗಿನ ಬಿಸಿ 55 ಡಿಗ್ರಿ ದಾಟುವಂತೆ ಮಗುಚಿ ಹಾಕುತ್ತ ಮೂರು ತಿಂಗಳು ಬಿಟ್ಟದ್ದಾಗಿರಬೇಕು. ಅಂದರೆ ಡಿಸೆಂಬರಿನ ಮಾರಾಟಕ್ಕೆ ರಾಶಿ ಹಾಕಬೇಕಾದ್ದು ಆಗಸ್ಟಿನಲ್ಲಿ. ಇನ್ನೊಂದು ಹಳೆಯ ಲಾಳ. ಮೊಳೆ ಕಿತ್ತು, ಅಂಚು ಅರದಿಂದ ಉಜ್ಜಿ, ತೊಳೆದು ಒಣಗಿಸಿ. ಲದ್ದಿ ಮೆತ್ತಿದ ತುಕ್ಕು ಮೊಳೆ ಚುಚ್ಚಿದರೆ ಧನುರ್ವಾಯುವಿನ ಭಯ. ನಮ್ಮಲ್ಲಿ ಬಾಗಿಲಿಗೆ ಹೊಡೆಯಲು ಕಪ್ಪು ಕುದುರೆಯ ಕಬ್ಬಿಣದ ಲಾಳವೇ ಬೇಕು ಎನ್ನುತ್ತಾರೆ. ರೇಸಿನ ಲಾಳ ಹೆಚ್ಚಾಗಿ ಅಲ್ಯೂಮಿನಿಯಂ, ಕುದುರೆಯೂ ಬಹುತೇಕ ಕಂದು. ಇದ್ದದ್ದನ್ನು ಹೇಳಿ ಮಾರಿ. ಶನಿಕಾಟ ಕಳೆಯುವ ಜವಾಬ್ದಾರಿ ಟ್ರಸ್ಟಿಗೆ ಬೇಡ.

ಲಾಯದ ಮುಂದಿನ ಫಲಕದಲ್ಲೂ ಇದೇ ನಿಯಮ. ಓಡುವಾಗಿನ ಹೆಸರು, ಹುಟ್ಟಿದ ವರ್ಷ, ತಂದೆ ತಾಯಿ, ಯಾವ ಗಾಯದಿಂದ ನಿಂತಿತು ಎಂಬುದನ್ನು ದಾಖಲೆ ನೋಡಿ ಬರೆಯಬೇಕು. ಕಣ್ಣೀರು ಬರಿಸಲೆಂದು ‘ಕಸಾಯಿಖಾನೆಯಿಂದ ಪಾರಾದದ್ದು’ ಎಂದು ಎಲ್ಲದಕ್ಕೂ ಬರೆದರೆ, ಖುದ್ದಾಗಿ ತಂದು ಒಪ್ಪಿಸಿದ ಮಾಲೀಕರು ಮುಂದಿನ ಕುದುರೆಯನ್ನು ನಿಮ್ಮಲ್ಲಿಗೆ ಕಳಿಸುವುದಿಲ್ಲ. ಓಟವಿಲ್ಲದ ದಿನ ನೋಡಿ ಕಾರ್ಯಕ್ರಮ ಇಟ್ಟುಕೊಂಡರೆ ಜಾಕಿಗಳೂ ಹಳೆಯ ಸೈಸ್‌ಗಳೂ ಬರುತ್ತಾರೆ. ಆ ಕುದುರೆಯನ್ನು ಮೈ ತಿಕ್ಕಿ ಬೆಳೆಸಿದವನ ಬಾಯಲ್ಲಿ ಬರುವ ಎರಡು ಮಾತಿಗೆ ಯಾವ ಫಲಕವೂ ಸಮವಲ್ಲ. ಬ್ರಿಟನ್ನಿನ ಲ್ಯಾಂಬೋರ್ನ್‌ನಲ್ಲಿ ಗುಡ್ ಫ್ರೈಡೇ ದಿನ ತರಬೇತುದಾರರು ತಮ್ಮ ಲಾಯಗಳನ್ನು ಜನರಿಗೆ ತೆರೆದಿಡುವ ರೂಢಿಯಿದೆ. ಅದನ್ನು ನೋಡಿ ಇಲ್ಲೂ ಹಾಗೇ ಮಾಡೋಣ ಎನ್ನುವವರು ಗಮನಿಸಬೇಕು: ಅವು ದಿನಾ ಕೈತುಂಬ ಆಳುಗಳಿರುವ ಲಾಯಗಳು. ಮೂರು ಸೈಸ್‌ಗಳ ಮೇಲೆ ನಡೆಯುವ ಆಶ್ರಯಧಾಮದ ಅಳತೆಯೇ ಬೇರೆ.

ನೀರು ಮರೆಯಬೇಡಿ. ಇಪ್ಪತ್ತು ಕುದುರೆಗೆ ದಿನಕ್ಕೆ ಎಂಟುನೂರು ಲೀಟರ್ ಕುಡಿಯುವ ನೀರು ಬೇಕು. ಶೌಚಾಲಯ, ಕೈತೊಳೆಯುವುದು, ಪಾತ್ರೆ ಎಂದು ಒಂದೇ ಸಂಪಿನಿಂದ ಎಳೆದರೆ ಮಧ್ಯಾಹ್ನಕ್ಕೆ ತಳ ಕಾಣುತ್ತದೆ, ಭಾನುವಾರ ಟ್ಯಾಂಕರ್ ಸಿಗುವುದಿಲ್ಲ. ಕುದುರೆಯ ನೀರು ಹಿಂದಿನ ರಾತ್ರಿಯೇ ಬೇರೆ ತೊಟ್ಟಿಯಲ್ಲಿ ತುಂಬಿರಲಿ. ಅಡುಗೆಯ ಗ್ಯಾಸ್ ಸಿಲಿಂಡರ್ ಹುಲ್ಲಿನ ಕೊಟ್ಟಿಗೆಯ ಹತ್ತಿರವಿರಬಾರದು ಎಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ, ಆದರೂ ಹೇಳುತ್ತೇವೆ.

ಜನ ಹೋದ ಮೇಲೆ ಸಾಲಾಗಿ ನಡೆದು ನೆಲ ನೋಡಿ: ಪಿನ್ನು, ಕ್ಲಿಪ್ಪು, ಪ್ಲಾಸ್ಟಿಕ್ ಕವರು. ಸಂಜೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ, ಮರುದಿನ ಬೆಳಿಗ್ಗೆ ಮೂರು ಸಲ ಪ್ರತಿ ಕುದುರೆಯ ಲದ್ದಿ, ನೀರು, ಜ್ವರ ನೋಡಿ ಬರೆದಿಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿಯಾದದ್ದು. ಅಂಗೈಯ ಹಿಂಭಾಗ ತಾಗಿಸಿ ಕಾಲಿನ ಬಿಸಿ ನೋಡಿ. ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ಪಕ್ಕೆ ನೋಡಿಕೊಳ್ಳುವುದು, ಮಲಗಿ ಹೊರಳುವುದು ಕಂಡರೆ ಅದು ಹೊಟ್ಟೆಶೂಲೆ. ಮೇವು ತೆಗೆದು ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ಹದಿನೈದು ದಿನದೊಳಗೆ ಬಂದದ್ದೆಷ್ಟು, ಖರ್ಚೆಷ್ಟು, ಉಳಿದದ್ದರಲ್ಲಿ ಎಷ್ಟು ಕಿಲೋ ಹುಲ್ಲು ಬಂತು ಎಂದು ದಾನಿಗಳಿಗೆಲ್ಲ ಕಳಿಸಿ.

ಹೋಗುವ ಓದುಗರಿಗೆ ಮೂರೇ ಮಾತು. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಹೋಗಿ. ಅಲ್ಲಿಯೇ ಯಾವುದೋ ಕುದುರೆ ಮನಸ್ಸಿಗೆ ಹಿಡಿಸಿ ‘ನಮ್ಮ ತೋಟಕ್ಕೆ ಕೊಡಿ’ ಎಂದು ಕೇಳಿದಾಗ ಟ್ರಸ್ಟಿನವರು ಜಾಗ ನೋಡದೆ, ಕರಾರು ಬರೆಸಿಕೊಳ್ಳದೆ ಕೊಡುವುದಿಲ್ಲ ಎಂದರೆ ಬೇಸರಿಸಬೇಡಿ, ಅದು ಒಳ್ಳೆಯ ಟ್ರಸ್ಟ್. ನಿಮ್ಮ ಮಗುವನ್ನು ಕುದುರೆ ಮೇಲೆ ಕೂರಿಸಿ ಫೋಟೊ ತೆಗೆಯಲು ಅವರೇ ಮುಂದೆ ಬಂದರೆ ದುಡ್ಡು ಕೊಡುವ ಮೊದಲು ಕೇಳಿ: ಈ ಕುದುರೆಯ ಓಟ ಯಾಕೆ ನಿಂತಿತು?

— ನಿವೃತ್ತ ರೇಸ್ ಕುದುರೆಗಳ ಆರೈಕೆಯಲ್ಲಿರುವ ಪಶುವೈದ್ಯರು ಮತ್ತು ಲಾಯದ ಮೇಲ್ವಿಚಾರಕರು, ಬೆಂಗಳೂರು